ಹಿತ್ತಲ ಕೆಲಸಕ್ಕೆ ಯಾರ ಕೈ?

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಕಳೆಯ ಬಗ್ಗೆಯೇ ಇರುತ್ತವೆ. ಈ ಬಾರಿ ಬರೆದವರಲ್ಲಿ ಹೆಚ್ಚಿನವರು ಅರವತ್ತೈದು ದಾಟಿದವರು. ಹುಲ್ಲಿಗಿಂತ ಹೆಚ್ಚಾಗಿ ತಮ್ಮ ಮೊಣಕಾಲು, ಸೊಂಟ, ಮಕ್ಕಳ ಫೋನು, ಹೇಳಿದ ದಿನ ಬಾರದ ಆಳು ಇವುಗಳ ಕುರಿತೇ ಬರೆದಿದ್ದಾರೆ. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಅವರಿಗೇ ಮೀಸಲಿಟ್ಟಿದ್ದೇನೆ. ಉತ್ತರಿಸುವ ನನಗೂ ಅರವತ್ತೆಂಟು ನಡೆಯುತ್ತಿದೆ. ಎರಡು ವರ್ಷದ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಬೋಗನ್‌ವಿಲ್ಲಾ ಕತ್ತರಿಸಲು ಹೋಗಿ ಬಿದ್ದು, ಮಣಿಕಟ್ಟು ಮುರಿದುಕೊಂಡು ಆರು ವಾರ ಪ್ಲಾಸ್ಟರಿನಲ್ಲಿ ಕೈಯಿಟ್ಟು ಕುಳಿತವನು ನಾನು. ಆದ್ದರಿಂದ ಇಲ್ಲಿಯ ಕೆಲವು ಮಾತುಗಳಿಗೆ ಪುಸ್ತಕಕ್ಕಿಂತ ಮೂಳೆಯೇ ಆಧಾರ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 72. ನಲವತ್ತು-ಅರವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ದಾಸವಾಳ, ಮಲ್ಲಿಗೆ, ಕರಿಬೇವು, ಒಂದು ಸೀಬೆ, ಒಂದು ನುಗ್ಗೆ ಮತ್ತು ನಾಲ್ಕು ತರಕಾರಿ ಮಡಿಗಳನ್ನು ಮಾಡಿಕೊಂಡಿದ್ದೇನೆ. ಮೂವತ್ತು ವರ್ಷಗಳಿಂದ ಈ ಮಣ್ಣಿಗೆ ಬೇರೆಯವರ ಕೈ ತಾಗಿಲ್ಲ. ಕಳೆದ ತಿಂಗಳು ಕಳೆ ಕಿತ್ತು ಮೇಲೆದ್ದಾಗ ಕಣ್ಣು ಕತ್ತಲೆ ಬಂದು ಕುಸಿದೆ, ಪೆಟ್ಟೇನೂ ಆಗಲಿಲ್ಲ. ಅಂದಿನಿಂದ ಬೆಂಗಳೂರಿನಲ್ಲಿರುವ ಮಗಳು ಮಾಲಿಯನ್ನಿಡಿ ಎಂದು ಹಟ ಹಿಡಿದಿದ್ದಾಳೆ. ಮಾಲಿ ಬಂದ ಮೇಲೆ ಬೆಳಗಾಗೆದ್ದು ನಾನು ಮಾಡುವುದಾದರೂ ಏನು? ರಕ್ತದೊತ್ತಡಕ್ಕೂ ಪ್ರಾಸ್ಟೇಟ್ ತೊಂದರೆಗೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. (ಮೈಸೂರು)

ಉತ್ತರ: ಮಾಲಿಯ ವಿಚಾರವನ್ನು ಬದಿಗಿಟ್ಟು ಆ ಕಣ್ಣುಕತ್ತಲೆಯನ್ನು ಮೊದಲು ನೋಡೋಣ. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತವರು ಥಟ್ಟನೆ ಎದ್ದಾಗ ರಕ್ತ ಕಾಲಿನ ಕಡೆಗೆ ಇಳಿದು, ಮಿದುಳಿಗೆ ತಲುಪುವ ಪಾಲು ಕೆಲವು ಕ್ಷಣ ಕಡಿಮೆಯಾಗುತ್ತದೆ. ಎಳೆಯ ವಯಸ್ಸಿನಲ್ಲಿ ರಕ್ತನಾಳಗಳು ಕೂಡಲೇ ಬಿಗಿದುಕೊಂಡು ಇದನ್ನು ಸರಿದೂಗಿಸುತ್ತವೆ. ವಯಸ್ಸಾದಂತೆ ಆ ಚುರುಕು ತಗ್ಗುತ್ತದೆ. ನೀವು ನುಂಗುತ್ತಿರುವ ಎರಡೂ ಬಗೆಯ ಮಾತ್ರೆಗಳು, ಅದರಲ್ಲೂ ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥವು, ಈ ತೊಂದರೆಯನ್ನು ಹೆಚ್ಚಿಸಬಲ್ಲವು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕುಸಿದ ಸಂಗತಿಯನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಮತ್ತೊಮ್ಮೆ ರಕ್ತದೊತ್ತಡ ಅಳೆಯಿಸಿ. ಪ್ರಮಾಣವನ್ನೋ ಸೇವಿಸುವ ಹೊತ್ತನ್ನೋ ಬದಲಾಯಿಸುವುದು ಅವರಿಗೆ ಬಿಟ್ಟದ್ದು. ಅಲ್ಲಿಯವರೆಗೆ ಕಳೆ ಕೀಳುವುದಿದ್ದರೆ ನೆಲದ ಮೇಲೆ ಕುಕ್ಕರಿಸದೆ, ಮೊಣಕಾಲೆತ್ತರದ, ಅಗಲ ಕಾಲಿನ ಮರದ ಸ್ಟೂಲಿನ ಮೇಲೆ ಕುಳಿತು, ಉದ್ದ ಹಿಡಿಯ ಕಳೆಗುದ್ದಲಿಯಿಂದ ಕೀಳಿ. ಏಳುವ ಮುನ್ನ ಹತ್ತಿಪ್ಪತ್ತು ಬಾರಿ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಗೋಡೆಯನ್ನೋ ಗೂಟವನ್ನೋ ಹಿಡಿದು ನಿಧಾನವಾಗಿ ಎದ್ದು, ಎದ್ದಲ್ಲಿಯೇ ಅರೆನಿಮಿಷ ನಿಲ್ಲಿ.

ಇನ್ನು ಮಗಳ ಹಟ. ಅವರು ತೋಟವನ್ನು ಒಂದೇ ಕೆಲಸವೆಂದು ಭಾವಿಸಿದ್ದಾರೆ, ನೀವೂ ಹಾಗೆಯೇ ಭಾವಿಸಿದ್ದೀರಿ. ಆದ್ದರಿಂದಲೇ ಮಾತು ಎಲ್ಲವೂ ನನ್ನದು ಅಥವಾ ಎಲ್ಲವೂ ಮಾಲಿಯದು ಎಂಬಲ್ಲಿಗೆ ಬಂದು ನಿಂತಿದೆ. ಒಂದು ವಾರ ನೀವು ಹಿತ್ತಲಲ್ಲಿ ಮಾಡುವ ಕೆಲಸಗಳನ್ನೆಲ್ಲ ಹಾಳೆಯ ಮೇಲೆ ಬರೆದಿಡಿ. ಬೆಳಿಗ್ಗೆ ಹೂ ಬಿಡಿಸುವುದು, ನೀರು ಹಾಕುವುದು, ಒಣಗಿದ ಎಲೆ ಚಿವುಟುವುದು, ಬೀಜ ಮೊಳೆ ಹಾಕುವುದು, ಹುಳ ಹುಡುಕುವುದು, ಮಡಿ ಅಗೆಯುವುದು, ಗೊಬ್ಬರದ ಚೀಲ ಎತ್ತುವುದು, ನುಗ್ಗೆಯ ಕೊಂಬೆ ಇಳಿಸುವುದು, ಚರಂಡಿ ಬಿಡಿಸುವುದು ಹೀಗೆ ಇಪ್ಪತ್ತಾದರೂ ಆಗುತ್ತವೆ. ಇವುಗಳಲ್ಲಿ ಕೈತಪ್ಪಿದರೆ ಆಸ್ಪತ್ರೆಗೆ ಕೊಂಡೊಯ್ಯುವಂಥವು ನಾಲ್ಕೈದು ಮಾತ್ರ. ಏಣಿ ಬೇಡುವ ಕೆಲಸ ಮೊದಲು ನಿಮ್ಮ ಕೈಬಿಡಲಿ. ನುಗ್ಗೆ ಮರದ ಕೊಂಬೆ ನೋಡಲು ದಪ್ಪಗಿದ್ದರೂ ಭಾರ ತಾಳದೆ ಪಟ್ಟನೆ ಮುರಿಯುತ್ತದೆಂಬುದು ನಿಮಗೆ ತಿಳಿಯದ್ದೇನಲ್ಲ. ಆಮೇಲೆ ಯಂತ್ರ ಮತ್ತು ವಿಷ ಬೇಡುವ ಕೆಲಸಗಳು; ಅನಂತರ ಭಾರದವು. ಬಾಗುವ ಕೆಲಸವನ್ನು ಅರ್ಧ ಕೊಟ್ಟು ಅರ್ಧ ಇಟ್ಟುಕೊಳ್ಳಬಹುದು. ಮಿಕ್ಕದ್ದೆಲ್ಲ ನಿಮ್ಮದೇ, ಮತ್ತು ಬೆಳಗಾಗೆದ್ದು ನೀವು ಮಾಡುತ್ತಿದ್ದ ಕೆಲಸಗಳಲ್ಲಿ ಹೆಚ್ಚಿನವು ಆ ಮಿಕ್ಕವುಗಳಲ್ಲಿಯೇ ಇವೆ.

ಅವನ್ನು ಉಳಿಸಿಕೊಳ್ಳಲೇಬೇಕು ಎನ್ನುವುದಕ್ಕೆ ಕಾರಣವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು. 65 ದಾಟಿದವರಿಗೆ ಇದರ ಜೊತೆಗೆ ವಾರಕ್ಕೆ 3 ದಿನವಾದರೂ ದೇಹದ ಸಮತೋಲನ ಮತ್ತು ಬಲವನ್ನು ಕಾಯುವಂಥ ಚಟುವಟಿಕೆ ಬೇಕು. ದಿನಕ್ಕೆ ಮುಕ್ಕಾಲು ಗಂಟೆ ಹಿತ್ತಲಲ್ಲಿ ಓಡಾಡುತ್ತ ಕೆಲಸ ಮಾಡುವವರಿಗೆ ಮೊದಲನೆಯದು ಬಹುಪಾಲು ಅಲ್ಲಿಯೇ ದೊರೆಯುತ್ತದೆ. ಎಲ್ಲವನ್ನೂ ಮಾಲಿಗೆ ಒಪ್ಪಿಸಿ ಜಗುಲಿಯ ಮೇಲೆ ಕುಳಿತ ನನ್ನ ಪರಿಚಯದವರೊಬ್ಬರು ಎರಡು ವರ್ಷದಲ್ಲಿ ಜಗುಲಿಯ ಮೆಟ್ಟಿಲು ಇಳಿಯಲಾರದಂತಾದರು. ಅವರು ಬಿದ್ದಿರಲಿಲ್ಲ, ಕಾಲಿಗೆ ಕೆಲಸ ತಪ್ಪಿತ್ತು, ಅಷ್ಟೆ.

ತಿಂಗಳಿಗೆ ಎರಡು ದಿನ ಒಬ್ಬರನ್ನು ಕರೆಸಿದರೆ ನಿಮ್ಮಷ್ಟು ಜಾಗಕ್ಕೆ ಸಾಕು. ಒಂದು ವರ್ಷ ತಡಮಾಡದೆ ಈಗಲೇ ಕರೆಸಿ ಎನ್ನುವುದಕ್ಕೂ ಕಾರಣವಿದೆ: ಯಾವ ಬಳ್ಳಿಗೆ ಎಷ್ಟು ನೀರು, ಮಲ್ಲಿಗೆಯನ್ನು ಎಲ್ಲಿಗೆ ಕತ್ತರಿಸಬೇಕು, ಯಾವ ಮೂಲೆಯಲ್ಲಿ ನೀರಿನ ಪೈಪು ಹೂತಿದೆ ಎಂಬುದೆಲ್ಲ ನಿಮ್ಮ ತಲೆಯಲ್ಲಿ ಮಾತ್ರ ಇದೆ. ನೀವು ಪಕ್ಕದಲ್ಲಿ ನಿಂತು ತೋರಿಸುವಷ್ಟು ಗಟ್ಟಿಯಿರುವಾಗಲೇ ಅದು ಇನ್ನೊಬ್ಬರ ತಲೆಗೂ ದಾಟಬೇಕು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಇದು ಕಷ್ಟವಾಗಲಾರದು.

ಪ್ರಶ್ನೆ: ನನಗೆ 67 ವರ್ಷ. ಯಜಮಾನರು ತೀರಿಹೋಗಿ ಮೂರು ವರ್ಷವಾಯಿತು, ಮಕ್ಕಳಿಬ್ಬರೂ ಹೊರಗಿದ್ದಾರೆ. ಮನೆಯ ಸುತ್ತ 14 ತೆಂಗಿನ ಮರಗಳಿವೆ, ಹಿಂದೆ ಸ್ವಲ್ಪ ಅಡಕೆ ತೋಟವಿದೆ. ಕಾಯಿ ಕೀಳಲು ಬರುತ್ತಿದ್ದವರಿಗೇ ಈಗ ಅರವತ್ತಾಗಿದೆ. ‘ಅಕ್ಕ, ಇನ್ನು ಹತ್ತಲಿಕ್ಕೆ ಆಗುವುದಿಲ್ಲ’ ಎಂದುಬಿಟ್ಟಿದ್ದಾರೆ. ಫೈಬರ್ ದೋಟಿ ತೆಗೆದುಕೊಂಡರೆ ನಾನೇ ಕೀಳಬಹುದೇ? ಹೊಸಬರು ಯಾರಾದರೂ ಹತ್ತಿ ಬಿದ್ದರೆ ನನ್ನ ಗತಿಯೇನು? ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ, ಸುತ್ತ ಸೊಂಟದೆತ್ತರ ಹುಲ್ಲು. ನನಗೆ ಸಕ್ಕರೆ ಕಾಯಿಲೆಯೂ ಇದೆ. (ಪುತ್ತೂರು ತಾಲ್ಲೂಕು)

ಉತ್ತರ: ಫೈಬರ್ ದೋಟಿಯನ್ನು ನೀವು ಒಬ್ಬರೇ ಎತ್ತಬೇಡಿ. ಕಾರ್ಬನ್ ಫೈಬರಿನ ದೋಟಿ ಹಿಂದಿನ ಬಿದಿರಿನದಕ್ಕಿಂತ ಹಗುರ, ಅಡಕೆ ಕೊಯ್ಲಿನ ಮತ್ತು ಔಷಧಿ ಸಿಂಪಡಣೆಯ ಕಷ್ಟವನ್ನು ಅದು ತಗ್ಗಿಸಿದೆ ಎಂಬುದು ನಿಜ. ಆದರೆ ಅದರ ತೂಕವೆಲ್ಲ ತುದಿಯಲ್ಲಿ ತೂಗುವುದರಿಂದ ಉದ್ದ ಹೆಚ್ಚಿದಂತೆ ಹತೋಟಿ ತಪ್ಪುತ್ತದೆ. ತಲೆಯೆತ್ತಿ ಮೇಲೆ ನೋಡುತ್ತ ನಿಂತಾಗ ವಯಸ್ಸಾದವರಿಗೆ ತಲೆಸುತ್ತು ಬರುವುದುಂಟು. ಅಡಕೆ ಗೊನೆಯನ್ನು ಹಗ್ಗದಲ್ಲಿ ಇಳಿಸಿಕೊಳ್ಳಬಹುದು, ತೆಂಗಿನಕಾಯಿ ಮಾತ್ರ ನೇರ ಕೆಳಕ್ಕೇ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುತ್ತದೆ. ತೋಟದ ಮೇಲೆ ಹಾದುಹೋಗುವ ತಂತಿಗೆ ಅದು ತಾಗಿದರೆ ಹಿಡಿದವರು ಬದುಕುವುದು ಕಷ್ಟ. ತಂತಿಯ ಸಮೀಪದ ಮರಗಳಿಗೆ ಯಾರೇ ದೋಟಿ ಹಾಕುವುದಿದ್ದರೂ ಮೊದಲು ಮೆಸ್ಕಾಂನವರಿಗೆ ತಿಳಿಸಿ ವಿದ್ಯುತ್ ನಿಲುಗಡೆ ಮಾಡಿಸಿಕೊಳ್ಳಬೇಕು.

ಹಾಗಾದರೆ ಹತ್ತುವವರು ಬೇಕು. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ‘ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ’ ಎಂಬ ಹೆಸರಿನಲ್ಲಿ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿಯನ್ನು ಯುವಜನರಿಗೆ ಕೊಡುತ್ತ ಬಂದಿದೆ, ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ನಡೆಸುತ್ತಿದೆ. ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಪಡೆದವರ ಬಗ್ಗೆ ವಿಚಾರಿಸಿ. ಬರುವವರಿಗೆ ವಿಮೆ ಇದೆಯೇ ಎಂದು ಕೇಳುವುದು ಅಪಶಕುನವಲ್ಲ. ಇಲ್ಲವೆಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೊಂದಾದರೂ ಇರಲಿ: 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯುಳ್ಳ ಯಾರೂ ವರ್ಷಕ್ಕೆ 20 ರೂಪಾಯಿಯಲ್ಲಿ ಅಪಘಾತ ಮರಣಕ್ಕೆ 2 ಲಕ್ಷ ರೂಪಾಯಿಯ ರಕ್ಷಣೆ ಪಡೆಯಬಹುದು. ಆ 20 ರೂಪಾಯಿಯನ್ನು ನೀವೇ ಕೂಲಿಯ ಮೇಲೆ ಸೇರಿಸಿ ಕೊಟ್ಟು, ಮಾಡಿಸಿದ್ದಾರೆಯೇ ಎಂದು ಮುಂದಿನ ಸಲ ಕೇಳಿ. ‘ನನ್ನ ಗತಿಯೇನು’ ಎಂದು ಕೇಳಿದ್ದೀರಿ; ಬಿದ್ದವರ ಮನೆಯವರ ಗತಿ ಅದಕ್ಕಿಂತ ಮೊದಲು ಬರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒದ್ದೆಮರಕ್ಕೆ ಯಾರನ್ನೂ ಹತ್ತಿಸಬೇಡಿ. ಕಾಯಿ ಎರಡು ವಾರ ಮರದಲ್ಲಿಯೇ ಇದ್ದರೆ ನಷ್ಟವಿಲ್ಲ.

ಎಲ್ಲ 14 ಮರಗಳ ಕೊಯ್ಲು ಒಂದೇ ದಿನ ಆಗಬೇಕೆಂಬ ನಿಯಮವೂ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ 45 ದಿನಕ್ಕೊಮ್ಮೆ ಕೀಳುವುದು ವಾಡಿಕೆ, ಅಂದರೆ ವರ್ಷಕ್ಕೆ ಎಂಟು ಸಲ ಆಳು ಹುಡುಕುವ ಕೆಲಸ. ಮನೆಯ ಮಾಡಿಗೆ, ಬಾವಿಗೆ, ನಡೆದಾಡುವ ದಾರಿಗೆ ವಾಲಿದ ನಾಲ್ಕೈದು ಮರಗಳ ಕಾಯಿಯನ್ನು ಮತ್ತು ಒಣಗರಿಯನ್ನು ತಪ್ಪದೆ ಇಳಿಸಿ. ದೂರದ ಮರಗಳನ್ನು ವರ್ಷಕ್ಕಿಷ್ಟು ಎಂದು ವ್ಯಾಪಾರಿಗೆ ಗುತ್ತಿಗೆಗೆ ಕೊಟ್ಟುಬಿಡಿ. ಹಣ ಸ್ವಲ್ಪ ಕಡಿಮೆ ಬರುತ್ತದೆ, ನಿಜ. ಹತ್ತುವವರನ್ನು ಕಾಯುತ್ತ ಫೋನು ಹಿಡಿದು ಕುಳಿತಿರುವ ದಿನಗಳ ಬೆಲೆಯನ್ನೂ ಅದರಲ್ಲಿ ಲೆಕ್ಕ ಹಾಕಿ ನೋಡಿ.

ಹುಲ್ಲಿಗೆ ಯಂತ್ರದವರನ್ನೇ ಕರೆಯಿರಿ. ಏಳೆಂಟು ಕಿಲೋ ತೂಗುವ ಪೆಟ್ರೋಲ್ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಇಳಿಜಾರಿನಲ್ಲಿ ನಡೆಯುವುದು ನಮ್ಮ ವಯಸ್ಸಿನವರಿಗೆ ಹೇಳಿದ ಕೆಲಸವಲ್ಲ. ಪೆಟ್ರೋಲು ಯಾರದ್ದು, ಗಂಟೆಯ ಲೆಕ್ಕವೋ ಜಾಗದ ಲೆಕ್ಕವೋ ಎಂಬುದು ಯಂತ್ರ ಚಾಲೂ ಆಗುವ ಮೊದಲೇ ಬಾಯಿಬಿಟ್ಟು ನಿಶ್ಚಯವಾಗಲಿ. ಅದರ ಅಲಗಿಗೆ ಸಿಕ್ಕ ಕಲ್ಲು ಗುಂಡಿನಂತೆ ಹಾರುತ್ತದೆ. ನಡೆಸುವವರ ಕಣ್ಣಿಗೆ ಕನ್ನಡಕವಿರಲಿ, ನೀವು ಚಹಾ ಕೊಡಲು ಹತ್ತಿರ ಹೋಗದೆ ಯಂತ್ರ ನಿಂತ ಮೇಲೆ ಕರೆಯಿರಿ. ಹುಲ್ಲು ಬೀಜ ಕಟ್ಟುವ ಮೊದಲು ಒಂದು ಸಲ, ಮಳೆ ನಿಂತ ಮೇಲೆ ಇನ್ನೊಂದು ಸಲ ಹೊಡೆಸಿದರೆ ವರ್ಷ ಕಳೆಯುತ್ತದೆ. ಕಳೆನಾಶಕದ ಡಬ್ಬಿಯನ್ನು ಮನೆಯಲ್ಲಿ ತಂದಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅವುಗಳಲ್ಲೊಂದಾದ ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಪ್ರತ್ಯೌಷಧವೇ ಇಲ್ಲ.

ಪಾಚಿಗೆ ಹಳೆಯ ಉಪಾಯವೇ ಸರಿ: ಬಾವಿಕಟ್ಟೆಗೂ ಹಟ್ಟಿಗೂ ಹೋಗುವ ದಾರಿಯಲ್ಲಿ ಅಡಕೆ ಮರ ಸೀಳಿದ ಸಲಾಕೆಗಳನ್ನು ಅಡ್ಡಡ್ಡ ಹಾಕಿಸಿ. ಇನ್ನು ಸಕ್ಕರೆ ಕಾಯಿಲೆ. ಅದರಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದ್ದರೆ ಮುಳ್ಳು ಹೊಕ್ಕದ್ದೂ ತಿಳಿಯುವುದಿಲ್ಲ. ಇಲಿಯ ಮೂತ್ರ ಬೆರೆತ ನೀರು, ಕೆಸರುಗಳಿಂದ ಇಲಿಜ್ವರದ ರೋಗಾಣು ಅಂಥ ಗಾಯದ ಮೂಲಕವೇ ದೇಹಕ್ಕೆ ಸೇರುತ್ತದೆ. ಬರಿಗಾಲಿನಲ್ಲಿ ತೋಟಕ್ಕೆ ಇಳಿಯುವ ಅಭ್ಯಾಸವನ್ನು, ಅದು ಎಷ್ಟೇ ಹಳೆಯದಾಗಿರಲಿ, ಬಿಡಬೇಕು. ಗಂಬೂಟು ಹಾಕಿಕೊಳ್ಳುವ ಮುನ್ನ ಒಳಗೆ ಏನಾದರೂ ಸೇರಿಕೊಂಡಿದೆಯೇ ಎಂದು ಕೊಡವಿ ನೋಡಿ, ರಾತ್ರಿ ಮಲಗುವ ಮುನ್ನ ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಿ. ಮಳೆಗಾಲದಲ್ಲಿ ಜ್ವರ ಬಂದು ಮೀನಖಂಡ ನೋಯುತ್ತಿದ್ದರೆ ‘ತೋಟದಲ್ಲಿ ಕೆಲಸ ಮಾಡಿದ್ದೆ’ ಎಂಬ ಮಾತನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಪ್ರಶ್ನೆ: ಎರಡು ದನಗಳಿವೆ. ಕೊಟ್ಟಿಗೆಗೆ ಹಾಸಲು ಪ್ರತಿ ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದಿಂದ ದರಗು, ಅಂದರೆ ಉದುರಿದ ಒಣಎಲೆ, ಗುಡಿಸಿ ತರುತ್ತೇನೆ. ವಯಸ್ಸು 69, ಕಾಲು ಗಟ್ಟಿಯಾಗಿದೆ. ಸೊಸೆ ಮಾತ್ರ ‘ಮಾವ, ಆಳಿಗೆ ಹೇಳಿ’ ಎನ್ನುತ್ತಾಳೆ. (ಸಾಗರ ತಾಲ್ಲೂಕು)

ಉತ್ತರ: ನಿಮ್ಮ ಊರಿನ ಮಟ್ಟಿಗೆ ಕಾಲಿನ ಗಟ್ಟಿತನಕ್ಕಿಂತ ಮೈಗೆ ಕಚ್ಚಿ ರಕ್ತ ಹೀರುವ ಉಣುಗಿನ ಕಾಟ ದೊಡ್ಡದು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ನೀವು ದರಗು ಗುಡಿಸುವ ತಿಂಗಳುಗಳಲ್ಲಿಯೇ. ಸಣ್ಣ ಉಣುಗುಗಳು ಒಣಎಲೆಯ ಅಡಿಯಲ್ಲಿ ಇರುತ್ತವೆ. ನಿಮ್ಮ ಬದಲು ಆಳು ಹೋದರೆ ಕಾಯಿಲೆ ನಿಮ್ಮ ಮೈಯಿಂದ ಅವರ ಮೈಗೆ ಸರಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಸೊಸೆಯವರ ಕಾಳಜಿಯನ್ನು ಗೌರವಿಸುತ್ತಲೇ ಇದನ್ನು ಹೇಳುತ್ತಿದ್ದೇನೆ. ಯಾರೇ ಹೋಗಲಿ, ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಹೋಗಬೇಕು. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಆ ಕಡೆಗೆ ಹೋಗಲೇಕೂಡದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಎರಡೇ ದನಕ್ಕೆ ಹಾಸಲು ಒಣಹುಲ್ಲು, ಅಡಿಕೆ ಸಿಪ್ಪೆ ಸಾಲದೇ ಎಂದು ಈ ವರ್ಷ ಒಮ್ಮೆ ನೋಡಿ. ಬೆಟ್ಟದ ಹೊರೆ ಅರ್ಧವಾದರೂ ಇಳಿಯುತ್ತದೆ.

ಪ್ರಶ್ನೆ: ಮನೆಯ ಮುಂದೆ ಸುಮಾರು 1,000 ಚದರ ಅಡಿ ಲಾನ್ ಇದೆ. ಹುಲ್ಲು ಕತ್ತರಿಸುವ ಯಂತ್ರವನ್ನು ತಳ್ಳಿ ತಳ್ಳಿ ನನ್ನ ಭುಜ ಹಿಡಿದುಕೊಂಡಿದೆ. ತಿಂಗಳ ಲೆಕ್ಕದಲ್ಲಿ ಬರುವ ತೋಟದ ನಿರ್ವಹಣೆಯವರಿಗೆ ಕೊಡೋಣ ಎನ್ನುತ್ತಾಳೆ ನನ್ನ ಹೆಂಡತಿ. ನನಗೆ ದುಂದು ಎನ್ನಿಸುತ್ತದೆ. ನಮ್ಮಿಬ್ಬರಲ್ಲಿ ಯಾರು ಸರಿ? (ಬೆಂಗಳೂರು)

ಉತ್ತರ: ಇಬ್ಬರೂ ಹುಲ್ಲನ್ನು ಹಾಗೆಯೇ ಇಟ್ಟುಕೊಂಡು ಜಗಳವಾಡುತ್ತಿದ್ದೀರಿ. ಹಸು ಮೇಯದ ಹುಲ್ಲನ್ನು ಬೆಳೆಸಿ, ಬೆಳೆಯಿತೆಂದು ಕತ್ತರಿಸಿ, ಕತ್ತರಿಸಿದ್ದನ್ನು ಚೀಲಕ್ಕೆ ತುಂಬಿ ಬೀದಿಗಿಡುವ ಈ ಪದ್ಧತಿಯ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಉತ್ತರದಲ್ಲಿ ಆ ಪೂರ್ವಗ್ರಹವಿದೆ ಎಂದು ತಿಳಿದೇ ಓದಿ.

ಒಂದು ಲೆಕ್ಕ ಹಾಕೋಣ. ನಿಮ್ಮ ಲಾನಿಗೆ ದಿನಕ್ಕೆ 5 ಮಿಲಿಮೀಟರ್ ನೀರು ನಿಲ್ಲಿಸಿದರೂ ಸುಮಾರು 465 ಲೀಟರ್ ಬೇಕು. ಬೇಸಿಗೆಯ ಒಂದು ತಿಂಗಳಿಗೆ ಅದು ಸುಮಾರು 14,000 ಲೀಟರ್, ಅಂದರೆ ಎರಡು ಟ್ಯಾಂಕರಿಗಿಂತ ಕಡಿಮೆಯಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದು ನಿಮಗೆ ನೆನಪಿರಬಹುದು. ನಿಮ್ಮ ಭುಜಕ್ಕೂ ಹೆಂಡತಿಯವರ ಬಜೆಟ್ಟಿಗೂ ಮೇಲಾಗಿ ನೀರಿನ ಹೊರೆಯೊಂದು ಹೀಗೆ ವರ್ಷವರ್ಷವೂ ಬೆಳೆಯುತ್ತಿದೆ.

ನನ್ನ ಸಲಹೆಯೆಂದರೆ, ಸಂಜೆ ಕುರ್ಚಿ ಹಾಕಿ ಕೂರಲು, ಮೊಮ್ಮಕ್ಕಳು ಬಂದಾಗ ಆಡಲು ಬೇಕಾದ ಮುನ್ನೂರು ಚದರ ಅಡಿಯನ್ನು ಮಾತ್ರ ಹುಲ್ಲಾಗಿ ಉಳಿಸಿ. ಮಿಕ್ಕ ಜಾಗದ ಹುಲ್ಲನ್ನು ಒಮ್ಮೆ ಕೂಲಿ ಕೊಟ್ಟು ತೆಗೆಸಿ, ಒಂದಷ್ಟು ಭಾಗಕ್ಕೆ ನಡೆಯಲು ಒರಟು ಮೈಯ ಕಲ್ಲು ಹಾಸಿ, ಉಳಿದದ್ದರಲ್ಲಿ ನಂದಿಬಟ್ಟಲು, ದಾಸವಾಳ, ಕಣಗಿಲೆಯಂಥ ಗಟ್ಟಿಗಿಡಗಳನ್ನು ನೆಟ್ಟು ಬುಡಕ್ಕೆ ತರಗೆಲೆ ಹೊದಿಸಿ. ತರಗೆಲೆಯ ಹೊದಿಕೆ ದಪ್ಪಗಿದ್ದರೆ ಕಳೆಗೆ ಬೆಳಕು ಸಿಗುವುದಿಲ್ಲ, ಮಣ್ಣಿನ ತೇವವೂ ಬೇಗ ಆರುವುದಿಲ್ಲ. ಕಣಗಿಲೆ ವಿಷದ ಗಿಡವಾದ್ದರಿಂದ ಮಕ್ಕಳು ಓಡಾಡುವ ಅಂಚಿಗೆ ಮಾತ್ರ ಬೇಡ.

ತಿಂಗಳ ಲೆಕ್ಕದವರನ್ನೇ ಗೊತ್ತುಮಾಡುವುದಾದರೆ, ತಿಂಗಳಿಗೆ ಎಷ್ಟು ಸಲ ಬರುತ್ತಾರೆ, ಗೊಬ್ಬರ ಮತ್ತು ಔಷಧಿಯ ಹಣ ಅದರಲ್ಲಿ ಸೇರಿದೆಯೇ, ಕಸವನ್ನು ಅವರೇ ಒಯ್ಯುತ್ತಾರೆಯೇ ಎಂಬ ಮೂರನ್ನು ಬರವಣಿಗೆಯಲ್ಲಿ ಪಡೆಯಿರಿ. ಮನಸ್ತಾಪಗಳೆಲ್ಲ ಹುಟ್ಟುವುದು ಮೂರನೆಯದರಲ್ಲಿ. ಜೊತೆಗೆ ಇನ್ನೊಂದು ಮಾತು: ಲಾನಿನ ಬದಿಯ ಮರ ನೆರಳು ಕೊಡುತ್ತದೆಂದು ಅದನ್ನೇ ಕಡಿಯಲು ಕೆಲವರು ಸಲಹೆ ಕೊಡುತ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಮ್ಮ ಸ್ವಂತ ಕಾಂಪೌಂಡಿನೊಳಗಿನ ಮರಗಳಿಗೂ ಅನ್ವಯಿಸುತ್ತದೆ. ತೆಂಗಿನಂಥ ಕೆಲವನ್ನು ಬಿಟ್ಟರೆ ಮಿಕ್ಕವಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಪ್ರಶ್ನೆ: ನಾನು ಹಾಸನ ಜಿಲ್ಲೆಯ ರೈತ, 70 ವರ್ಷ. ಆರು ತಿಂಗಳಿಗೆಂದು ಅಮೆರಿಕದ ಓಹಾಯೋದಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಮನೆಯ ಹಿಂದೆ ಕಾಲೆಕರೆ ಹುಲ್ಲು. ಮಗ ಯಾರಿಗೋ ದುಡ್ಡು ಕೊಟ್ಟು ಕತ್ತರಿಸುತ್ತಾನೆ. ಅವರು ಅರ್ಧ ಗಂಟೆಯಲ್ಲಿ ಮುಗಿಸಿ ಹೋಗುತ್ತಾರೆ. ಅಷ್ಟಕ್ಕೆ ಅಷ್ಟು ಡಾಲರೇ! ಹೊಲ ಉತ್ತ ಕೈ ನನ್ನದು, ಸುಮ್ಮನೆ ಕುಳಿತು ಬೇಸರವಾಗಿದೆ. ಯಂತ್ರ ಮುಟ್ಟಿದರೆ ಸಾಕು, ಮಗ ‘ಬೇಡ ಅಪ್ಪಾ’ ಎಂದು ಓಡಿಬರುತ್ತಾನೆ.

ಉತ್ತರ: ಡಾಲರನ್ನು ರೂಪಾಯಿಗೆ ಬದಲಾಯಿಸಿ ನೋಡುವುದನ್ನು ನಿಲ್ಲಿಸಿದರೆ ಅರ್ಧ ಬೇಸರ ಕಡಿಮೆಯಾಗುತ್ತದೆ. ಮಗನ ಅಂಜಿಕೆಗೆ ಅವರು ನಿಮಗೆ ಹೇಳದಿರುವ ಕಾರಣವೊಂದಿರಬಹುದು. ಪ್ರವಾಸಿಯಾಗಿ ಬಂದ ತಂದೆತಾಯಿಗೆ ಅಲ್ಲಿ ಮಾಡಿಸುವ ಆರೋಗ್ಯ ವಿಮೆಗಳು ಮೊದಲೇ ಇದ್ದ ಕಾಯಿಲೆಗಳ ವೆಚ್ಚವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬಿ.ಪಿ. ಇದ್ದವರಿಗೆ ಎದೆನೋವು ಕಾಣಿಸಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದರೂ ಬರುವ ಬಿಲ್ಲಿನ ಮುಂದೆ ಹುಲ್ಲು ಕತ್ತರಿಸುವವರ ಒಂದು ವರ್ಷದ ಕೂಲಿ ಏನೇನೂ ಅಲ್ಲ. ಹುಲ್ಲನ್ನು ಹಾಗೆಯೇ ಬಿಡುವಂತೆಯೂ ಇಲ್ಲ. ಅಲ್ಲಿಯ ಅನೇಕ ಊರುಗಳಲ್ಲಿ ಹುಲ್ಲು ಇಂತಿಷ್ಟು ಇಂಚಿಗಿಂತ ಎತ್ತರ ಬೆಳೆದರೆ ನೋಟಿಸು, ದಂಡ ಇವೆ. ಹೀಗಾಗಿ ವಾರವಾರ ತಪ್ಪದೆ ಆಗಬೇಕಾದ ಕೆಲಸವನ್ನು ಅವರು ಹೊರಗಿನವರಿಗೆ ಕೊಟ್ಟದ್ದು ಸೋಮಾರಿತನದಿಂದಲ್ಲ.

ಆದರೂ ಹೊಲ ಉತ್ತ ಕೈ ಸುಮ್ಮನಿರಬೇಕಾಗಿಲ್ಲ. ಮಗ ಒಪ್ಪಿ, ನೆಲ ಸಮತಟ್ಟಾಗಿದ್ದು, ಬಿಸಿಲೇರುವ ಮೊದಲಾದರೆ, ನಡೆದು ತಳ್ಳುವ ಯಂತ್ರದಲ್ಲಿ ಒಂದು ಪಟ್ಟಿ ಹುಲ್ಲು ಕತ್ತರಿಸಿ ಆಸೆ ತೀರಿಸಿಕೊಳ್ಳಿ. ಇಳಿಜಾರಿದ್ದರೆ ಈ ಬಗೆಯ ಯಂತ್ರವನ್ನು ಅಡ್ಡಡ್ಡ ತಳ್ಳಬೇಕು. ಮೇಲೆ ಕೆಳಗೆ ತಳ್ಳಿದರೆ ಕಾಲು ಜಾರಿದಾಗ ಅಲಗು ಪಾದದ ಮೇಲೆಯೇ ಬರುತ್ತದೆ. ಅಲಗಿಗೆ ಹುಲ್ಲು ಸುತ್ತಿಕೊಂಡಿತೆಂದು ಚಾಲೂ ಯಂತ್ರದ ಅಡಿಗೆ ಕೈಹಾಕಬೇಡಿ. ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸದೆ ಮೂರು ಇಂಚಿನಷ್ಟು ಉಳಿಸುವುದು ಅಲ್ಲಿಯ ರೂಢಿ, ಅದು ಬೇರಿಗೂ ಒಳ್ಳೆಯದು. ಬೇಲಿಯಾಚೆ ಮರ-ಪೊದೆಗಳಿದ್ದರೆ ಅಲ್ಲಿಯೂ ಉಣುಗಿನ ಭಯವಿದೆ. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಿಂದ ಹೆಸರು ಪಡೆದ ಲೈಮ್ ಕಾಯಿಲೆ ಅದರಿಂದಲೇ ಬರುವುದು. ಅಕ್ಟೋಬರ್ ಹೊತ್ತಿಗೆ ಎಲೆ ಉದುರಿದಾಗ ಕುಂಟೆಯಿಂದ ಎಳೆದು ಗುಡ್ಡೆ ಹಾಕುವ ಕೆಲಸವನ್ನು ದಿನಕ್ಕಿಷ್ಟು ಎಂದು ನೀವೇ ವಹಿಸಿಕೊಳ್ಳಬಹುದು. ಹಿಮ ಬೀಳುವ ತನಕ ಉಳಿದಿದ್ದರೆ ಮಾತ್ರ ಸಲಿಕೆ ಮುಟ್ಟಬೇಡಿ. ಚಳಿಗೆ ರಕ್ತನಾಳಗಳು ಕುಗ್ಗಿರುವಾಗ ಭಾರವಾದ ಹಿಮವನ್ನು ತೋಳಿನಿಂದ ಎತ್ತಿ ಎಸೆಯುವುದು ಹೃದಯದ ಮೇಲೆ ಒಮ್ಮೆಲೇ ಹೊರೆ ಹೇರುತ್ತದೆ. ಅಲ್ಲಿಯವರೇ ಪ್ರತಿ ಚಳಿಗಾಲದಲ್ಲಿ ಹಾಗೆ ಸಾಯುವುದುಂಟು.

ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಆ ಕಾಲೆಕರೆಯಲ್ಲಿ ಬಿಸಿಲು ಬೀಳುವ ಹತ್ತಡಿ ಉದ್ದ, ನಾಲ್ಕಡಿ ಅಗಲದ ಜಾಗವನ್ನು ಮಗನಿಂದ ಕೇಳಿ ಪಡೆದು, ಸೊಂಟದೆತ್ತರದ ಮರದ ಪೆಟ್ಟಿಗೆಯಂಥ ಮಡಿ ಮಾಡಿಸಿಕೊಳ್ಳಿ. ಮೇ ಮಧ್ಯದ ನಂತರ ಇಬ್ಬನಿಯ ಹೆಪ್ಪು ಬೀಳುವ ಭಯ ಕಳೆದ ಮೇಲೆ ಮೆಂತ್ಯ, ದಂಟು, ಬೆಂಡೆ, ಹೀರೆ ಅಲ್ಲಿಯೂ ಚೆನ್ನಾಗಿ ಬರುತ್ತವೆ. ಬೀಜವನ್ನು ಮಾತ್ರ ಅಲ್ಲಿಯ ಅಂಗಡಿಯಲ್ಲಿಯೇ ಕೊಳ್ಳಿ. ಅನುಮತಿಯಿಲ್ಲದೆ ಊರಿನಿಂದ ಒಯ್ದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ.

ಪ್ರಶ್ನೆ: ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ವಾರಕ್ಕೊಮ್ಮೆ ಮಾಲಿಯನ್ನು ಕರೆಸುತ್ತಿದ್ದೇನೆ. ಮೊದಲ ದಿನವೇ ನಾನು ಜತನದಿಂದ ಬೆಳೆಸಿದ್ದ ಒಂದೆಲಗವನ್ನು ಕಳೆಯೆಂದು ಕಿತ್ತು ಹಾಕಿದ. ಬಯ್ದೆ, ಮುಂದಿನ ವಾರ ಬರಲೇ ಇಲ್ಲ. (ಧಾರವಾಡ)

ಉತ್ತರ: ಬಂದವರಿಗೆ ಅದು ಕಳೆಯಲ್ಲ ಎಂದು ತಿಳಿಯುವ ಬಗೆಯಾದರೂ ಹೇಗೆ, ತಾಯಿ? ಪಾತಿಯ ಹೊರಗೆ ನೆಲ ಹಿಡಿದು ಹಬ್ಬುವ ಸಣ್ಣ ಎಲೆಯನ್ನೆಲ್ಲ ಕೀಳಿರೆಂದೇ ಬೇರೆ ಮನೆಗಳಲ್ಲಿ ಅವರಿಗೆ ಹೇಳಿರುತ್ತಾರೆ. ಫೋನು ಮಾಡಿ, ಬಯ್ದದ್ದು ಹೆಚ್ಚಾಯಿತೆಂದು ಹೇಳಿ ಕರೆಯಿರಿ. ಈ ಸಲ ಕೆಲಸಕ್ಕೆ ಕೈಹಚ್ಚುವ ಮೊದಲು ಕೋಲೂರಿಕೊಂಡಾದರೂ ಅವರ ಜೊತೆ ಹಿತ್ತಲನ್ನು ಒಂದು ಸುತ್ತು ಹಾಕಿ, ಮುಟ್ಟಬಾರದ ಗಿಡಗಳ ಪಕ್ಕದಲ್ಲಿ ಕಡ್ಡಿ ನೆಟ್ಟು ಹಳೆಯ ಕೆಂಪು ಸೀರೆಯ ಚಿಂದಿ ಕಟ್ಟಿ. ಒಂದು ಸಣ್ಣ ಪಾತಿಯನ್ನು ಮಾತ್ರ ನಿಮ್ಮ ಕೈಗೇ ಇಟ್ಟುಕೊಳ್ಳಿ, ಕುರ್ಚಿಯ ಮೇಲೆ ಕುಳಿತೇ ಎಟುಕುವಂಥದ್ದನ್ನು. ಅಂದ ಹಾಗೆ, ಒಂದೆಲಗವು ಮಣ್ಣಿನಲ್ಲಿ ಉಳಿದ ಗಿಣ್ಣಿನ ತುಣುಕಿನಿಂದಲೂ ಚಿಗುರುತ್ತದೆ. ಕಿತ್ತ ಜಾಗಕ್ಕೆ ಹದಿನೈದು ದಿನ ತಪ್ಪದೆ ನೀರು ಹಾಕಿ ನೋಡಿ.